ಫ್ಲೋರಿಡಾದ ಕಾಂತಕ್ಷೇತ್ರ ಕುಂದಾಪುರದ ಜಗಲಿಯಲ್ಲಿ: ಸುರುಳಿ ತಯಾರಾಯ್ತು

ತಾಮ್ರದ ತಂತಿ ಸುತ್ತಿ ಮಾಡಿದ ಎರಡೂ ಜೋಡಿ ಸುರುಳಿ ಈಗ ಕೆಲಸ ಮಾಡುತ್ತಿವೆ. ನಮ್ಮ ಜಗಲಿಯಲ್ಲಿ, ಅಂಗೈಯಷ್ಟು ಜಾಗದಲ್ಲಿ, ಫ್ಲೋರಿಡಾ ತೀರದ ಕಾಂತಕ್ಷೇತ್ರ ಇದೆ!

ಇದರ ಹಿಂದಿರುವುದು ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕೆನೆತ್ ಮತ್ತು ಕ್ಯಾಥರೀನ್ ಲೋಮನ್ ದಂಪತಿಯ ಕೆಲಸ. ಫ್ಲೋರಿಡಾ ತೀರದಲ್ಲಿ ಆಗಷ್ಟೇ ಮೊಟ್ಟೆಯೊಡೆದು ಬಂದ ಲಾಗರ್‌ಹೆಡ್ ಕಡಲಾಮೆ ಮರಿಗೆ ಬಟ್ಟೆಯ ಪುಟ್ಟ ಅಂಗಿ ತೊಡಿಸಿ, ದಾರ ಕಟ್ಟಿ, ನೀರು ತುಂಬಿದ ಡಿಶ್ ಆಂಟೆನಾದಲ್ಲಿ ಈಜಲು ಬಿಟ್ಟರು. ಸುತ್ತ ದೊಡ್ಡ ವಿದ್ಯುತ್ ಸುರುಳಿ, ಒಳಗೆ ಪೂರಾ ಕತ್ತಲೆ. 1994ರಲ್ಲಿ, ಕಾಂತರೇಖೆ ನೆಲದತ್ತ ಬಾಗುವ ಕೋನವನ್ನು ಮರಿಗಳು ಗುರುತಿಸುತ್ತವೆ ಅಂತ ತೋರಿಸಿದರು. 1996ರಲ್ಲಿ ಕಾಂತಕ್ಷೇತ್ರದ ಬಲವನ್ನು ಬದಲಿಸಿ ನೋಡಿದರು. ಅದನ್ನು ಅಳೆಯುವುದು ಮೈಕ್ರೋಟೆಸ್ಲಾದಲ್ಲಿ. ಅಮೆರಿಕದ ಕಡೆ ಸಿಗುವ 52 ಮೈಕ್ರೋಟೆಸ್ಲಾ ಕೊಟ್ಟಾಗ ಮರಿಗಳು ಪೂರ್ವಕ್ಕೆ ಈಜಿದವು. ಸಾಗರದ ಆಚೆ ಬದಿಯ 43 ಕೊಟ್ಟಾಗ ಪಶ್ಚಿಮಕ್ಕೆ. ಆಯಾ ಜಾಗದಲ್ಲಿ ಆ ದಿಕ್ಕು ಹಿಡಿದರೆ ಮರಿ ಅಟ್ಲಾಂಟಿಕ್‌ನ ಸುತ್ತುವ ಪ್ರವಾಹದೊಳಗೇ ಉಳಿಯುತ್ತದೆ. ಇನ್ನೂ ಕಡಲಿಗೇ ಇಳಿಯದ ಮರಿಗೆ ಇದು ಗೊತ್ತು ಅಂದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಕೋನ ಬೇರೆ, ಬಲ ಬೇರೆ ಅನ್ನೋದನ್ನು ಕಣ್ಣಾರೆ ನೋಡಬೇಕಿತ್ತು. ಅದಕ್ಕೇ ಈ ಸುರುಳಿ. ಆಮೆ ಗೀಮೆ ಏನಿಲ್ಲ, ಬರೀ ಸೂಜಿ. ನಮ್ಮ ತೀರಕ್ಕೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿಗಳನ್ನು ಅವುಗಳ ಪಾಡಿಗೆ ಬಿಡಬೇಕು.

ಬಡಗಿಯಿಂದ ಪ್ಲೈವುಡ್ ಬಳೆ ಮಾಡಿಸಿದೆ. ಹೊರಗಿನ ಜೋಡಿಯ ತ್ರಿಜ್ಯ 25 ಸೆಂ.ಮೀ., ಅದರೊಳಗೆ ಅಡ್ಡಕ್ಕೆ ಕೂರುವ ಜೋಡಿಯದು 20. ಎರಡು ಬಳೆಗಳ ನಡುವಿನ ಅಂತರ ತ್ರಿಜ್ಯದಷ್ಟೇ ಇರಬೇಕು. ಆಗ ಮಾತ್ರ ನಡುವೆ ಕ್ಷೇತ್ರ ಒಂದೇ ಸಮ ಇರುತ್ತದೆ. ಪ್ರತಿ ಬಳೆಗೆ ಮೋಟಾರ್ ವೈಂಡಿಂಗ್ ಅಂಗಡಿಯ ತಾಮ್ರದ ತಂತಿ, 50 ಸುತ್ತು. ಸ್ಕ್ರೂ ಎಲ್ಲ ಹಿತ್ತಾಳೆಯವು. ಆರ್‌ಸಿಸಿ ಮನೆಯಲ್ಲಿ ಕಬ್ಬಿಣದ ಸರಳುಗಳೇ ಅಳತೆ ಕೆಡಿಸುತ್ತವೆ. ನಮ್ಮದು ಹಂಚಿನ ಮನೆ, ಮರದ ತೊಲೆ. ಅದೊಂದು ಅನುಕೂಲ.

ಇನ್ನು ಲೆಕ್ಕ. ಇಲ್ಲಿ ಭೂಮಿಯ ಕಾಂತಕ್ಷೇತ್ರದಲ್ಲಿ ಉತ್ತರಕ್ಕೆ ಮಲಗಿದ ಭಾಗ ಸುಮಾರು 40 ಮೈಕ್ರೋಟೆಸ್ಲಾ, ಕೆಳಮುಖದ ಭಾಗ 10ರ ಆಸುಪಾಸು. ಕಾಂತರೇಖೆ ನೆಲಕ್ಕೆ ಸಮನಾಗಿ ಮಲಗುವ ಕಾಂತೀಯ ಸಮಭಾಜಕಕ್ಕೆ ನಾವು ಹತ್ತಿರ ಇದ್ದೇವೆ, ಅಲ್ವಾ? ಆ ಪ್ರಯೋಗಗಳ ಕಾಲದ ಫ್ಲೋರಿಡಾದಲ್ಲಿ ಕೋನ 58 ಡಿಗ್ರಿಯಷ್ಟು, ಒಟ್ಟು ಬಲ 47ರಷ್ಟು. ಅಂದರೆ ಉತ್ತರಕ್ಕೆ 25, ಕೆಳಕ್ಕೆ 40. ಹಾಗಾಗಿ ನಾನು ಕೆಳಕ್ಕೆ 30 ಸೇರಿಸಬೇಕು, ಉತ್ತರದಿಂದ 15 ಕಳೆಯಬೇಕು. ಹೊರಗಿನ ಜೋಡಿಗೆ 0.17 ಆಂಪಿಯರ್, ಒಳಗಿನದಕ್ಕೆ ಉಲ್ಟಾ ದಿಕ್ಕಿನಲ್ಲಿ 0.07. ಇಷ್ಟೇ ಸಾಕು!

ಹೊಲಿಗೆ ಸೂಜಿಯ ನಡುವಿಗೆ ನೂಲು ಕಟ್ಟಿ, ಸಮ ತೂಗುವಂತೆ ಮಾಡಿ, ಆಮೇಲೆ ಅಯಸ್ಕಾಂತ ಉಜ್ಜಿ ಒಳಗೆ ಇಳಿಬಿಟ್ಟೆ. ಕರೆಂಟ್ ಇಲ್ಲದಾಗ ಸೂಜಿ ಉತ್ತರಕ್ಕೆ ತಿರುಗಿ ಮೂತಿಯನ್ನು ಚೂರೇ ಚೂರು ತಗ್ಗಿಸಿತ್ತು. ಸ್ವಿಚ್ ಹಾಕಿದ ಕೂಡಲೇ ಒಮ್ಮೆ ನಡುಗಿ, ಓಲಾಡಿ, ಮೂತಿ ಕೆಳಗೆ ಹಾಕಿ ನಿಂತಿತು. ದಿಕ್ಕು ಮಾತ್ರ ಮೊದಲಿನ ಉತ್ತರವೇ. ದಿಕ್ಸೂಚಿಗೆ ಏನೂ ಬದಲಾಗಿಲ್ಲ, ಆದರೆ ಜಾಗ ಬದಲಾಗಿದೆ.

ಆಮೆಯಲ್ಲೂ ದಿಕ್ಕಿನ ಅರಿವು ಬೇರೆ, ಜಾಗದ ಅರಿವು ಬೇರೆಯಂತೆ. ಲೋಮನ್ ತಂಡ 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಕಂಡಿತು. ಒಂದು ಜಾಗದ ಕಾಂತಕ್ಷೇತ್ರದಲ್ಲಿ ಮಾತ್ರ ಊಟ ಕೊಟ್ಟರೆ, ಮರಿಗಳು ಅದನ್ನು ನೆನಪಿಟ್ಟು, ಮತ್ತೆ ಆ ಕ್ಷೇತ್ರ ಸಿಕ್ಕಾಗ ತಲೆ ಎತ್ತಿ, ಬಾಯಿ ತೆರೆದು, ಕೈ ಬಡಿದು ಕುಣಿಯುತ್ತವೆ. ರೇಡಿಯೋ ತರಂಗ ಹಾಯಿಸಿದರೆ ದಿಕ್ಕು ತಪ್ಪುತ್ತದೆ, ಕುಣಿತ ನಿಲ್ಲುವುದಿಲ್ಲ.

ಮುಂದಿನ ಕೆಲಸ: ಕೋನ ಹಾಗೇ ಇಟ್ಟು 52 ಮತ್ತು 43ರ ನಡುವೆ ಬದಲಿಸುವ ಸ್ವಿಚ್. ಸೂಜಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆ ಫೋನಿನ ಸೆನ್ಸರನ್ನು ನಡುವೆ ಇಡಲು ಒಂದು ಮರದ ಪೀಠ ಮಾಡಿಸಬೇಕು.