ಇನ್ನೊಬ್ಬರ ಸೆಕೆಂಡುಗಳನ್ನು ಕಸಿಯುವ ಚಾಲಕರು

ರಸ್ತೆ ಅಪಘಾತದ ಮಾತು ಬಂದಾಗಲೆಲ್ಲ ನಾವು ಕುಡಿದು ವಾಹನ ಓಡಿಸುವವರನ್ನೂ ಹುಚ್ಚು ವೇಗದಲ್ಲಿ ಹೋಗುವವರನ್ನೂ ಬೈದು ಸುಮ್ಮನಾಗುತ್ತೇವೆ. ಅವರು ಬೈಸಿಕೊಳ್ಳಬೇಕಾದವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನವೂ ಸ್ಟಿಯರಿಂಗ್ ಹಿಡಿಯುವ ನನಗೆ ಹೆಚ್ಚು ಆತಂಕ ತರುವವರು ಬೇರೆಯೇ ಇದ್ದಾರೆ. ಅವರು ಕುಡಿದಿರುವುದಿಲ್ಲ, ಎಷ್ಟೋ ವರ್ಷಗಳಿಂದ ವಾಹನ ಓಡಿಸಿ ಪಳಗಿರುತ್ತಾರೆ, ತಮ್ಮ ಚಾಲನೆಯಲ್ಲಿ ಯಾವ ಕುಂದೂ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಇಂಡಿಕೇಟರ್ ಹಾಕದೆ ತಿರುಗುವುದು, ಮುಂದಿನ ವಾಹನಕ್ಕೆ ಅಂಟಿಕೊಂಡು ಬರುವುದು, ರಾತ್ರಿ ಹೈ ಬೀಮ್ ಇಳಿಸದಿರುವುದು ಅವರಿಗೆ ಉಸಿರಾಟದಷ್ಟೇ ರೂಢಿಯಾಗಿಬಿಟ್ಟಿರುತ್ತದೆ. ಈ ಅಭ್ಯಾಸಗಳು ಒಂದಕ್ಕೊಂದು ಸಂಬಂಧವಿಲ್ಲದ ಚಿಕ್ಕಪುಟ್ಟ ತಪ್ಪುಗಳಂತೆ ತೋರಿದರೂ ಇವು ಮಾಡುವ ಹಾನಿ ಒಂದೇ ಬಗೆಯದು: ಇನ್ನೊಬ್ಬರು ಕಂಡು, ಅರಿತು, ಬ್ರೇಕ್ ಒತ್ತಲು ಬೇಕಾದ ಒಂದೆರಡು ಸೆಕೆಂಡುಗಳನ್ನು ಇವು ಅವರಿಂದ ಕಿತ್ತುಕೊಳ್ಳುತ್ತವೆ.

ಅಂಟಿಕೊಂಡು ಬರುವ ಚಟವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಇದನ್ನು ತಪ್ಪೆಂದು ಎಣಿಸುವವರೇ ಕಡಿಮೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮುಂದಿನ ವಾಹನದ ಬ್ರೇಕ್ ಲೈಟ್ ಹೊತ್ತಿದ್ದನ್ನು ಕಂಡು, ಅದರ ಅರ್ಥ ಗ್ರಹಿಸಿ, ಕಾಲನ್ನು ಆಕ್ಸಿಲರೇಟರಿನಿಂದ ಬ್ರೇಕಿಗೆ ತರಲು ಎಚ್ಚರದಿಂದಿರುವ ಚಾಲಕನಿಗೂ ಒಂದರಿಂದ ಒಂದೂವರೆ ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಕಾರು ವೇಗ ಸ್ವಲ್ಪವೂ ತಗ್ಗದೆ 17ರಿಂದ 25 ಮೀಟರ್ ಓಡಿಯಾಗಿರುತ್ತದೆ. ರಸ್ತೆ ಒಣಗಿದ್ದು, ಟಯರುಗಳು ಚೆನ್ನಾಗಿದ್ದರೂ ಆಮೇಲೆ ಪೂರ್ತಿ ನಿಲ್ಲಲು ಇನ್ನೂ 20 ಮೀಟರಿನಷ್ಟು ಜಾಗ ಬೇಕು. ಮಳೆ ಬಂದು ರಸ್ತೆ ನೆನೆದಿದ್ದರೆ ಈ ಲೆಕ್ಕ ಇನ್ನೂ ಬೆಳೆಯುತ್ತದೆ. ಹೀಗಿರುವಾಗ ಒಂದು ಕಾರಿನ ಉದ್ದದಷ್ಟೂ ಅಂತರ ಬಿಡದೆ ಬರುವವರು, ಮುಂದಿನವರು ಥಟ್ಟನೆ ನಿಲ್ಲುವ ಪ್ರಸಂಗವೇ ಬರಲಾರದು ಎಂಬ ಊಹೆಯೊಂದನ್ನೇ ನೆಚ್ಚಿಕೊಂಡಿರುತ್ತಾರೆ.

ಮುಂದಿನ ವಾಹನದಲ್ಲಿ ಕುಳಿತವರಿಗೆ ಇದು ಹೇಗಿರುತ್ತದೆಂದು ಹಿಂದಿನವರಿಗೆ ತಿಳಿಯದು. ಕನ್ನಡಿಯಲ್ಲಿ ಮೊದಲು ಆ ಕಾರಿನ ನಂಬರ್ ಪ್ಲೇಟ್ ಮರೆಯಾಗುತ್ತದೆ, ಆಮೇಲೆ ಹೆಡ್‌ಲೈಟುಗಳು ಮರೆಯಾಗುತ್ತವೆ, ಕೊನೆಗೆ ಕಾಣುವುದು ಬಾನೆಟ್ಟಿನ ಮೇಲಂಚು ಮತ್ತು ಅದರ ಹಿಂದೆ ಅಸಹನೆಯಿಂದ ಬಿಗಿದ ಒಂದು ಮುಖ ಮಾತ್ರ. ಆಗ ಮುಂದಿರುವ ಚಾಲಕನ ಗಮನ ಅರ್ಧ ರಸ್ತೆಯ ಮೇಲೂ ಅರ್ಧ ಕನ್ನಡಿಯ ಮೇಲೂ ಹಂಚಿಹೋಗುತ್ತದೆ. ನಾಯಿಯೋ ಮಗುವೋ ಅಡ್ಡ ಬಂದರೆ ಬ್ರೇಕ್ ಒತ್ತುವ ಮೊದಲು ಹಿಂದಿನವರ ಚಿಂತೆ ಮಾಡಬೇಕಾಗುತ್ತದೆ. ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಮುಂದಿನ ವಾಹನವು ಒಂದು ದೀಪದ ಕಂಬವನ್ನು ದಾಟಿದ ಮೇಲೆ ನಾವು ಅದೇ ಕಂಬವನ್ನು ತಲುಪಲು ಕನಿಷ್ಠ ಎರಡು ಸೆಕೆಂಡು ಹಿಡಿಯಬೇಕು, ನೆನೆದ ರಸ್ತೆಯಲ್ಲಿ ಅದರ ಎರಡರಷ್ಟು. ಈ ಅಳತೆ ಎಲ್ಲ ವೇಗಕ್ಕೂ ಹೊಂದುತ್ತದೆ, ಮೀಟರ್ ಎಣಿಸುವ ಗೋಜಿಲ್ಲ.

ಇದನ್ನು ಹೇಳಿದಾಗಲೆಲ್ಲ ಬರುವ ಉತ್ತರವೂ ಒಂದೇ: ಅಂತರ ಬಿಟ್ಟರೆ ಯಾರಾದರೂ ನುಗ್ಗುತ್ತಾರೆ, ಎಲ್ಲರೂ ಹೀಗೆ ಜಾಗ ಬಿಟ್ಟರೆ ಸಂಚಾರ ನಿಧಾನವಾಗುತ್ತದೆ. ನುಗ್ಗಿದರೆ ನುಗ್ಗಲಿ, ಮತ್ತೆ ಸ್ವಲ್ಪ ಹಿಂದೆ ಸರಿದರಾಯಿತು. ನಮಗಾಗುವ ನಷ್ಟ ಒಂದೆರಡು ಸೆಕೆಂಡು ಮಾತ್ರ. ಇನ್ನು ಸಂಚಾರ ನಿಧಾನವಾಗುತ್ತದೆಂಬ ಮಾತಿಗೆ ಜಪಾನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನೆನೆಯಬೇಕು. ಅವರು 230 ಮೀಟರ್ ಸುತ್ತಳತೆಯ ವೃತ್ತಾಕಾರದ ದಾರಿಯಲ್ಲಿ 22 ಕಾರುಗಳನ್ನು ಒಂದರ ಹಿಂದೊಂದು ಓಡಿಸಿ, ಸಮವೇಗವನ್ನು ಕಾಯ್ದುಕೊಳ್ಳುವಂತೆ ಚಾಲಕರಿಗೆ ಹೇಳಿದ್ದರು. ಅಲ್ಲಿ ಸಿಗ್ನಲ್ ಇರಲಿಲ್ಲ, ಅಡ್ಡರಸ್ತೆ ಇರಲಿಲ್ಲ, ಅಪಘಾತವೂ ಆಗಿರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆಲ್ಲ ಒಬ್ಬರ ಚಿಕ್ಕ ಏರುಪೇರು ಹಿಂದಿನವರಲ್ಲಿ ದೊಡ್ಡದಾಗುತ್ತ ಹೋಗಿ ಕೆಲವು ಕಾರುಗಳು ಪೂರ್ತಿ ನಿಂತೇಬಿಟ್ಟವು, ಮತ್ತು ಆ ದಟ್ಟಣೆ ಅಲೆಯ ಹಾಗೆ ಹಿಂದಕ್ಕೆ ಸರಿಯುತ್ತ ಹೋಯಿತು. ಕಾರಣವೇ ಇಲ್ಲದೆ ಕಟ್ಟಿಕೊಂಡು, ಕಾರಣವೇ ಇಲ್ಲದೆ ಕರಗುವ ಟ್ರಾಫಿಕ್ ಜಾಮುಗಳಲ್ಲಿ ನಾವೆಲ್ಲರೂ ಸಿಕ್ಕಿಕೊಂಡಿದ್ದೇವೆ. ಬಿಟ್ಟ ಅಂತರವು ಮುಂದಿನವರ ಏರುಪೇರನ್ನು ನುಂಗಿಕೊಳ್ಳುತ್ತದೆ; ಅಂಟಿಕೊಂಡು ಹೋಗುವವರು ಅದನ್ನು ಹಿಂದಿನವರಿಗೆ ದಾಟಿಸುತ್ತಾರೆ.

ಇಂಡಿಕೇಟರಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಹಾಕದವರು ಒಂದು ಬಗೆ, ತಿರುಗಲು ಆರಂಭಿಸಿದ ಮೇಲೆ ಹಾಕುವವರು ಇನ್ನೊಂದು ಬಗೆ, ಹಾಕಿದ ಕ್ಷಣದಲ್ಲೇ ದಾರಿ ತಮ್ಮದಾಯಿತೆಂದು ಕನ್ನಡಿ ನೋಡದೆ ಪಕ್ಕದ ಲೇನಿಗೆ ನುಗ್ಗುವವರು ಮೂರನೆಯ ಬಗೆ. ತಿರುಗಿದ ಮೇಲೂ ಆರಿಸದೆ ಮಿನುಗಿಸುತ್ತ ಹೋಗುವ ದ್ವಿಚಕ್ರ ವಾಹನಗಳದ್ದಂತೂ ಬೇರೆಯೇ ಅಪಾಯ, ಏಕೆಂದರೆ ಅಡ್ಡರಸ್ತೆಯಲ್ಲಿ ಕಾಯುತ್ತಿರುವವರು ಆ ಸೂಚನೆಯನ್ನು ನಂಬಿ ಮುಂದೆ ಬಂದುಬಿಡುತ್ತಾರೆ. ಮಳೆ ಬಂದ ಕೂಡಲೇ ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸುತ್ತ ಓಡಿಸುವವರೂ ಇದ್ದಾರೆ. ಅದರಿಂದ ವಾಹನ ಚೆನ್ನಾಗಿ ಕಾಣುತ್ತದೆಂಬುದು ಅವರ ನಂಬಿಕೆ, ಆದರೆ ಅವರು ಯಾವ ಕಡೆಗೆ ತಿರುಗುತ್ತಾರೆಂದು ತಿಳಿಯುವ ದಾರಿಯೇ ಆಗ ಮುಚ್ಚಿಹೋಗುತ್ತದೆ. ಆ ದೀಪಗಳು ಇರುವುದು ನಿಂತ ವಾಹನಕ್ಕೆ, ಕೆಟ್ಟ ವಾಹನಕ್ಕೆ.

ರಾತ್ರಿಯ ಹೈ ಬೀಮ್ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುತ್ತದೆ. ಎದುರಿನಿಂದ ಬರುವ ಬೆಳಕು ಕಣ್ಣಿಗೆ ನೇರವಾಗಿ ಬಿದ್ದಾಗ ರಸ್ತೆಯ ಅಂಚು, ಅಂಚಿನಲ್ಲಿ ನಡೆಯುತ್ತಿರುವವರು, ದೀಪವಿಲ್ಲದ ಸೈಕಲ್ಲು ಎಲ್ಲವೂ ಒಮ್ಮೆಗೇ ಅಳಿಸಿಹೋಗುತ್ತವೆ, ಮತ್ತು ಆ ವಾಹನ ದಾಟಿಹೋದ ಮೇಲೂ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕೆಲವು ಸೆಕೆಂಡುಗಳು ಬೇಕಾಗುತ್ತವೆ. ವಯಸ್ಸಾದವರ ಕಣ್ಣಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಕಣ್ಣು ಕಾಣದಿದ್ದರೆ ಅದು 50 ಮೀಟರಿನ ಕುರುಡು ಓಟ. ಎದುರಿನವರು ಇಳಿಸಲಿಲ್ಲವೆಂಬ ಸಿಟ್ಟಿಗೆ ತಾವೂ ಹೈ ಬೀಮ್ ಹಾಕುವವರನ್ನು ನೋಡಿದಾಗ ನನಗೆ ನಿಜಕ್ಕೂ ದುಃಖವಾಗುತ್ತದೆ. ಅಲ್ಲಿಯವರೆಗೆ ಒಬ್ಬರಿಗೆ ಮಾತ್ರ ಕಾಣುತ್ತಿರಲಿಲ್ಲ, ಈಗ ಎದುರುಬದುರು ಬರುತ್ತಿರುವ ಇಬ್ಬರಿಗೂ ಕಾಣುವುದಿಲ್ಲ. ಇನ್ನೊಂದು ವಾಹನದ ಹಿಂದೆ ಹೋಗುವಾಗಲೂ ಬೆಳಕು ಇಳಿಸಬೇಕೆಂಬುದು ಬಹಳ ಜನರಿಗೆ ಹೊಳೆಯುವುದೇ ಇಲ್ಲ, ಮುಂದಿನವರ ಮೂರೂ ಕನ್ನಡಿಗಳು ಆಗ ಉರಿಯುತ್ತಿರುತ್ತವೆ.

ಓವರ್‌ಟೇಕ್ ಮಾಡುವವರ ಲೆಕ್ಕ ಎಲ್ಲಿ ತಪ್ಪುತ್ತದೆಂದು ಒಮ್ಮೆ ಕಾಗದದ ಮೇಲೆ ಬರೆದು ನೋಡಿದರೆ ಗಾಬರಿಯಾಗುತ್ತದೆ. ಎರಡು ಲೇನುಗಳ ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುತ್ತಿರುವ ಲಾರಿಯನ್ನು 80ರ ವೇಗದಲ್ಲಿ ಹಿಂದಿಕ್ಕಬೇಕೆಂದುಕೊಳ್ಳೋಣ. ಲಾರಿಯ ಉದ್ದ, ಅದರ ಹಿಂದೆಯೂ ಮುಂದೆಯೂ ಬಿಡಬೇಕಾದ ಜಾಗ, ನಮ್ಮ ಕಾರಿನ ಉದ್ದ ಎಲ್ಲ ಸೇರಿ 55 ಮೀಟರಿನಷ್ಟನ್ನು ಗಂಟೆಗೆ 20 ಕಿಲೋಮೀಟರಿನ ವ್ಯತ್ಯಾಸದಲ್ಲಿ ದಾಟಲು ಸುಮಾರು ಹತ್ತು ಸೆಕೆಂಡು ಬೇಕು. ಆ ಹತ್ತು ಸೆಕೆಂಡಿನಲ್ಲಿ ನಾವು 220 ಮೀಟರ್ ಹೋಗಿರುತ್ತೇವೆ, ಎದುರಿನಿಂದ ಅದೇ ವೇಗದಲ್ಲಿ ಬರುವವರೂ 220 ಮೀಟರ್ ಬಂದಿರುತ್ತಾರೆ. ಅಂದರೆ ಮುಂದೆ 450 ಮೀಟರಿನಷ್ಟು ಖಾಲಿ ರಸ್ತೆ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿರಬೇಕು. ತಿರುವಿನಲ್ಲಿ, ಏರಿನ ನೆತ್ತಿಯಲ್ಲಿ ಅದರ ಕಾಲು ಭಾಗವೂ ಕಾಣುವುದಿಲ್ಲ. ಅಲ್ಲಿ ಹಾರ್ನ್ ಒತ್ತಿಕೊಂಡು ಹಿಂದಿಕ್ಕುವವರು ಎದುರಿನವರು ಅಂಚಿಗಿಳಿದು ಜಾಗ ಕೊಡುತ್ತಾರೆಂದು ಎಣಿಸಿರುತ್ತಾರೆ, ಎದುರಿನವರಿಗೆ ಇಳಿಯಲು ಅಂಚೇ ಇಲ್ಲದಿರಬಹುದೆಂದು ಯೋಚಿಸುವುದಿಲ್ಲ.

ಇನ್ನು ಜೀಬ್ರಾ ಕ್ರಾಸಿಂಗ್. ದೊಡ್ಡದೊಂದು ಬಸ್ಸು ಪಾದಚಾರಿಗೆಂದು ನಿಂತಿದೆ ಎಂದುಕೊಳ್ಳಿ. ಕೋಲೂರಿಕೊಂಡು ನಡೆಯುವ ವೃದ್ಧರೊಬ್ಬರು ಚಾಲಕನಿಗೆ ಕೈಯೆತ್ತಿ ನಮಸ್ಕರಿಸಿ, ಬಸ್ಸಿನ ಮುಂದೆ ನಿಧಾನವಾಗಿ ದಾಟುತ್ತಿದ್ದಾರೆ. ಹಿಂದಿರುವ ಬೈಕಿನವರಿಗೆ ಬಸ್ಸು ನಿಂತದ್ದು ಮಾತ್ರ ಕಾಣುತ್ತದೆ, ಏಕೆ ನಿಂತಿತೆಂದು ಕಾಣುವುದಿಲ್ಲ. ಅವರು ವೇಗ ತಗ್ಗಿಸದೆ ಪಕ್ಕದಿಂದ ನುಗ್ಗುತ್ತಾರೆ. ಬಸ್ಸಿನ ಮರೆಯಿಂದ ವೃದ್ಧರು ಹೊರಬರುವ ಹೊತ್ತಿಗೆ ಇಬ್ಬರ ನಡುವೆ ಉಳಿದಿರುವುದು ನಾಲ್ಕೈದು ಅಡಿ. ಕ್ರಾಸಿಂಗ್ ಬಳಿ ನಿಂತ ವಾಹನವನ್ನು ಎಂದಿಗೂ ಹಿಂದಿಕ್ಕಬಾರದೆಂಬ ನಿಯಮ ಇರುವುದೇ ಇದಕ್ಕಾಗಿ, ಮತ್ತು ಇಷ್ಟು ಸರಳವಾದ ನಿಯಮವನ್ನು ಜನ ಇಷ್ಟು ಸಲೀಸಾಗಿ ಮುರಿಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾರು ಪಾದಚಾರಿಗೆ ಗುದ್ದುವಾಗಿನ ವೇಗ 50ರಿಂದ 65 ಕಿಲೋಮೀಟರಿಗೆ ಏರಿದರೆ ಸಾವಿನ ಸಂಭವ ನಾಲ್ಕೂವರೆ ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮೊಬೈಲ್ ಫೋನಿನ ಬಗ್ಗೆ ಎಲ್ಲರೂ ಬರೆದಿದ್ದಾರೆ, ಆದರೂ ಒಂದು ಮಾತು. ಫೋನ್ ಬಳಸುವ ಚಾಲಕರಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ಅದೇ ಸಂಸ್ಥೆ ಹೇಳುತ್ತದೆ, ಮತ್ತು ಕೈಯಲ್ಲಿ ಹಿಡಿಯದೆ ಮಾತನಾಡುವುದೂ ಅಷ್ಟೇನೂ ಸುರಕ್ಷಿತವಲ್ಲ ಎಂದು ಸೇರಿಸುತ್ತದೆ. ಬ್ಲೂಟೂತ್ ಇದೆಯಲ್ಲ ಎನ್ನುವವರು ಈ ಎರಡನೆಯ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ. ಕೈ ಬಿಡುವಾದರೂ ಮನಸ್ಸು ಮಾತಿನಲ್ಲಿ ಮುಳುಗಿರುತ್ತದೆ, ಮತ್ತು ಫೋನಿನ ಆಚೆ ತುದಿಯಲ್ಲಿರುವವರಿಗೆ ಮುಂದೆ ಮಗು ಓಡಿಬಂದದ್ದು ಕಾಣದೆ ಅವರು ಮಾತು ಮುಂದುವರಿಸುತ್ತಲೇ ಇರುತ್ತಾರೆ.

ನಿಲ್ಲಿಸಿದ ಕಾರಿನ ಬಾಗಿಲನ್ನು ಹಿಂದೆ ನೋಡದೆ ತೆರೆಯುವುದರಿಂದ ಎಷ್ಟು ಸೈಕಲ್ ಸವಾರರು ಬೀಳುತ್ತಾರೆಂಬುದು ಕಾರಿನೊಳಗಿರುವವರಿಗೆ ಗೊತ್ತಾಗುವುದು ಸದ್ದು ಕೇಳಿಸಿದ ಮೇಲೆಯೇ. ಬಾಗಿಲಿಗೆ ದೂರವಿರುವ ಕೈಯಿಂದ ಹಿಡಿಕೆ ಎಳೆದರೆ ಮೈ ತಾನಾಗಿ ತಿರುಗಿ ಹಿಂದಿನ ರಸ್ತೆ ಕಣ್ಣಿಗೆ ಬೀಳುತ್ತದೆ. ಡಚ್ ರೀಚ್ ಎಂದು ಹೆಸರಾದ ಈ ಕ್ರಮವನ್ನು ಮಕ್ಕಳಿಗೂ ಒಂದೇ ದಿನದಲ್ಲಿ ಕಲಿಸಬಹುದು.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ 2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸುಮಾರು 11 ಲಕ್ಷ 90 ಸಾವಿರ ಜನ ಸತ್ತರು. ರಸ್ತೆಗಳಲ್ಲಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾದಚಾರಿಗಳು, ಸೈಕಲ್ ಸವಾರರು, ದ್ವಿಚಕ್ರ ವಾಹನಗಳಲ್ಲಿ ಹೋಗುವವರು. ತಗಡಿನ ಮರೆಯಲ್ಲಿ ಕುಳಿತವರ ಉಡಾಫೆಗೆ ಬೆಲೆ ತೆರುವವರು ಮರೆಯಿಲ್ಲದವರು ಎಂಬುದೇ ನನ್ನ ಸಿಟ್ಟಿನ ಮೂಲ.

ಆ ಸಿಟ್ಟನ್ನು ರಸ್ತೆಯ ಮೇಲೆ ತೀರಿಸಿಕೊಳ್ಳಲು ಹೋಗಬಾರದೆಂಬುದರಲ್ಲಿ ನಾನು ಗಟ್ಟಿಯಾಗಿದ್ದೇನೆ. ಅಂಟಿಕೊಂಡು ಬರುವವರಿಗೆ ಪಾಠ ಕಲಿಸಲೆಂದು ಥಟ್ಟನೆ ಬ್ರೇಕ್ ಒತ್ತುವುದು ಅವರ ತಪ್ಪಿಗಿಂತ ದೊಡ್ಡ ತಪ್ಪು. ವೇಗ ಮೆಲ್ಲಗೆ ತಗ್ಗಿಸಿ, ಪಕ್ಕಕ್ಕೆ ಸರಿದು, ಹೋಗಲು ಬಿಡುವುದೇ ಸರಿ. ಬದಲಿಗೆ ಮಾತು ಸಲ್ಲುವ ಜಾಗವೊಂದಿದೆ, ಅದು ವಾಹನದ ಒಳಗೆ. ಅಪರಿಚಿತರ ಹಾರ್ನಿಗೆ ಬಗ್ಗದ ಚಾಲಕರೂ ಪಕ್ಕದ ಸೀಟಿನಲ್ಲಿ ಕುಳಿತ ಹೆಂಡತಿಯೋ ಗಂಡನೋ ಮಗಳೋ ಗೆಳೆಯರೋ "ಸ್ವಲ್ಪ ಅಂತರ ಬಿಡಿ, ನನಗೆ ಭಯವಾಗುತ್ತಿದೆ" ಎಂದರೆ ಗೊಣಗಿಕೊಂಡಾದರೂ ಕಾಲು ಸಡಿಲಿಸುತ್ತಾರೆ. ಮುಜುಗರಕ್ಕೋ ದಾಕ್ಷಿಣ್ಯಕ್ಕೋ ಸೀಟನ್ನು ಬಿಗಿಯಾಗಿ ಹಿಡಿದು ಸುಮ್ಮನೆ ಕುಳಿತಿರುವವರು ದಯವಿಟ್ಟು ಆ ಮಾತನ್ನು ಬಾಯಿಬಿಟ್ಟು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.