ಬೀಜದಿಂದ ಸೈಕಸ್ ಬೆಳೆಸೋದು

ಸೈಕಸ್ ಅಂದ್ರೆ ಪುಟ್ಟ ತಾಳೆ ಮರದ ಥರ ಕಾಣೋ ಅಲಂಕಾರದ ಗಿಡ. ನರ್ಸರಿಲಿ ಒಂದು ಸುಮಾರಾದ ಸೈಕಸ್ ಗಿಡದ ರೇಟ್ ಕೇಳಿದ್ರೆ ತಲೆ ತಿರುಗತ್ತೆ, ಅದಕ್ಕೇ ನಾನು ಬೀಜದಿಂದಾನೇ ಬೆಳೆಸ್ತಿರೋದು. ಬೇಕಾಗಿರೋದು ತಾಳ್ಮೆ ಒಂದೇ. ಇದ್ರಲ್ಲಿ ಗಂಡು ಗಿಡ ಬೇರೆ ಹೆಣ್ಣು ಗಿಡ ಬೇರೆ, ಪರಾಗಸ್ಪರ್ಶ ಆಗಿಲ್ದಿದ್ರೂ ಹೆಣ್ಣು ಗಿಡದಲ್ಲಿ ಕಾಯಿ ದಪ್ಪ ಆಗ್ಬಹುದು ಆದ್ರೆ ಒಳಗೆ ಭ್ರೂಣ ಇರಲ್ಲ, ಅದಕ್ಕೆ ಹತ್ರದಲ್ಲಿ ಗಂಡು ಗಿಡ ಇದ್ಯಾ ಅಂತ ನೋಡ್ಕೊಂಡೇ ಬೀಜ ಆರಿಸಿ.

ಬೀಜದ ಮೇಲಿರೋ ಕೆಂಪು ಸಿಪ್ಪೆನ ನೀರಲ್ಲಿ ನೆನೆಸಿ ಪೂರ್ತಿ ಉಜ್ಜಿ ತೆಗೀಬೇಕು, ಅದು ಬೀಜ ಮೊಳಕೆ ಒಡೆಯೋದನ್ನ ತಡೆಯತ್ತೆ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಬೀಜದಲ್ಲಿ ಸೈಕಾಸಿನ್ ಅನ್ನೋ ವಿಷ ಇರತ್ತೆ, ಮನೇಲಿ ನಾಯಿ ಇದ್ರಂತೂ ಒಂದು ಬೀಜಾನೂ ಕೆಳಗೆ ಬೀಳಿಸ್ಬೇಡಿ, ಲಿವರ್ ಹೋಗ್ಬಿಡತ್ತೆ.

ಬೀಜ ಉದುರಿದಾಗ ಭ್ರೂಣ ಇನ್ನೂ ಪೂರ್ತಿ ಬೆಳೆದಿರಲ್ಲ, ಹಾಗಾಗಿ ಕೆಲವು ತಿಂಗಳು ನೆರಳಲ್ಲಿ ಇಟ್ಟು ಆಮೇಲೆ ಹಾಕೋದು ಒಳ್ಳೇದು. ದಪ್ಪ ಮರಳು, ಸ್ವಲ್ಪ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಬೀಜ ಅಡ್ಡಡ್ಡ ಮಲಗ್ಸಿ ಅರ್ಧ ಮಾತ್ರ ಹೂಳಿ. ನೀರು ನಿಂತ್ರೆ ಕೊಳೆತು ಹೋಗತ್ತೆ. ಮೊದ್ಲು ಬೇರು ಬರೋದು, ಎಲೆ ಬರೋಕೆ ಇನ್ನೂ ತಿಂಗಳುಗಟ್ಲೆ, ಅಷ್ಟರಲ್ಲಿ ದಿನಾ ಕೆದಕಿ ನೋಡ್ಬೇಡಿ ಪ್ಲೀಸ್!

ಪಾಟ್ ಬದಲಾಯಿಸುವಾಗ ಮಣ್ಣಿನ ಮೇಲ್ಗಡೆ ಹವಳದ ಥರ ಗಂಟುಗಂಟು ಬೇರು ಕಂಡ್ರೆ ರೋಗ ಅಂತ ಕತ್ತರಿಸ್ಬೇಡಿ, ಅದ್ರೊಳಗಿರೋ ಸಯನೋಬ್ಯಾಕ್ಟೀರಿಯಾ ಅನ್ನೋ ಸೂಕ್ಷ್ಮಜೀವಿ ಗಾಳಿಲಿರೋ ನೈಟ್ರೋಜನ್ ಹಿಡಿದು ಗಿಡಕ್ಕೆ ಕೊಡತ್ತೆ.

ನಮ್ಮ ಪಶ್ಚಿಮ ಘಟ್ಟದ ಸೈಕಸ್ ಸರ್ಸಿನಾಲಿಸ್ ಅನ್ನೋ ಜಾತಿ ಅಳಿವಿನಂಚಲ್ಲಿದೆ, ಕಾಡಿಂದ ಗಿಡ ಕಿತ್ಕೊಂಡು ಬರೋರನ್ನ ಕಂಡ್ರೆ ನಂಗೆ ಮೈ ಉರಿಯತ್ತೆ.