ಹಸಿರು ಬಳೆಯ ಚೂರು

ನಮ್ಮ ಕಾಲೇಜಿನ ಶಿಲ್ಪ ವಿಭಾಗದ ಶೆಡ್ಡಿಗೆ ನಾನು ಮೊದಲ ಸಲ ಕಾಲಿಟ್ಟಾಗ ಮೇಷ್ಟ್ರು ನೆಲದ ಮೇಲೆ ಕೂತು ಬಳೆ ಚೂರು ಆರಿಸುತ್ತಿದ್ದರು. 1989ನೇ ಇಸವಿ. ಮುಂದೆ ಒಂದು ಹಳೆಯ ಮೊರ. ಹಸಿರು ಒಂದು ಕಡೆ, ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಶ್ರದ್ಧೆ.

ನಮ್ಮದು ಬಳೆ ಮಾರುವ ಮನೆ. ಅಪ್ಪ ಬೇಗ ಹೋದರು. ಅಮ್ಮ ಊರೂರು ಸಂತೆ, ಸಿದ್ಧಗಂಗೆ ಜಾತ್ರೆ ಅಂತ ಬಳೆಗಳ ಮಲಾರ ಹೊತ್ತು ತಿರುಗಿ ನನ್ನನ್ನು ಓದಿಸಿದವಳು. ಒಡೆದ ಬಳೆ ಅಂದರೆ ನಮಗೆ ನಷ್ಟ, ಅಷ್ಟೇ. ಅದನ್ನು ಇಷ್ಟು ಜೋಪಾನ ಮಾಡುವವರನ್ನು ನಾನು ನೋಡಿರಲಿಲ್ಲ.

"ಇವು ಫಿರೋಜಾಬಾದಿನವು, ಸಾರ್" ಅಂದೆ.

ತಲೆ ಎತ್ತಿ ನೋಡಿದರು. "ಹೇಗೆ ಗೊತ್ತು?"

"ಅಮ್ಮ ಬಳೆ ಮಾರ್ತಾರೆ. ನಮ್ಮ ಗಾಜಿನ ಬಳೆ ಎಲ್ಲಾ ಅಲ್ಲಿಂದಲೇ ಬರೋದು."

"ಹಾಗಾದ್ರೆ ಕೂತ್ಕೋ. ನನಗಿಂತ ನಿನಗೇ ಚೆನ್ನಾಗಿ ಗೊತ್ತಿರುತ್ತೆ."

ಐದು ವರ್ಷ ಕೂತೆ.

ಮೇಷ್ಟ್ರು ಕಂಚು ಎರಕ ಹೊಯ್ಯುವವರು. ಆದರೆ ಅವರ ಮನಸ್ಸೆಲ್ಲ ಗಾಜಿನ ಮೇಲೆ. ಕಂಚಿಗೆ ತೂಕ ಇದೆ, ಆದರೆ ಬೆಳಕು ಅದರ ಮೈಮೇಲೇ ನಿಂತುಬಿಡುತ್ತದೆ, ಒಳಗೆ ಹೋಗುವುದಿಲ್ಲ ಅನ್ನುತ್ತಿದ್ದರು. ಬೆಳಕು ಒಳಗೆ ಹೋಗಿ ಬಣ್ಣವಾಗಿ ಹೊರಗೆ ಬರಬೇಕು ಅನ್ನುವುದು ಅವರ ಆಸೆ. ಇನ್ನೊಂದು ವಿಷಯ ಅವರಿಗೆ ತುಂಬಾ ಇಷ್ಟ. ಕಂಚಿನ ಹತ್ತು ಪಾಲಿನಲ್ಲಿ ಹೆಚ್ಚುಕಮ್ಮಿ ಒಂಬತ್ತು ಪಾಲು ತಾಮ್ರ, ಮಿಕ್ಕಿದ್ದು ತವರ. ಅದೇ ತಾಮ್ರದ ಒಂದು ಚಿಟಿಕೆ ಗಾಜಿಗೆ ಬಿದ್ದರೆ ಗಾಜು ಹಸಿರು-ನೀಲಿ ಆಗುತ್ತದೆ. "ಇಬ್ಬರೂ ನೆಂಟರೇ ಕಣಮ್ಮ, ಆದ್ರೆ ಒಂದೇ ಮನೆಯಲ್ಲಿ ಇರೋದಿಲ್ಲ" ಅನ್ನುತ್ತಿದ್ದರು.

ಯಾಕೆ ಇರುವುದಿಲ್ಲ ಅನ್ನುವುದನ್ನು ನಾನು ಮೊದಲ ವರ್ಷವೇ ಕಲಿತೆ. ಅಂಗೈ ಅಗಲದ ಒಂದು ಮೇಣದ ಮೀನು ಮಾಡಿ, ಮೈತುಂಬಾ ಬಳೆ ಚೂರು ಚುಚ್ಚಿ, ಅಚ್ಚು ಕಟ್ಟಿ, ಮೇಣ ಕರಗಿಸಿ, ನೇರವಾಗಿ ಕಂಚು ಹೊಯ್ಯಿಸಿದೆ. ಹೊಯ್ಯುವಾಗ ಕಂಚು ಸಾವಿರ ಡಿಗ್ರಿಗೂ ಮೇಲೆ ಇರುತ್ತದೆ. ಮಾರನೆಯ ದಿನ ಅಚ್ಚು ಒಡೆದರೆ ಮೀನಿನ ಮೈಯಲ್ಲಿ ಬರೀ ಗುಳಿಗಳು. ಗಾಜು ಪುಡಿಪುಡಿಯಾಗಿ ಮಣ್ಣಿನ ಜೊತೆ ಉದುರಿತು. ಉಳಿದ ಒಂದೆರಡು ಚೂರು ನಾನು ನೋಡುತ್ತಿದ್ದ ಹಾಗೇ "ಟಿಣ್" ಅಂತ ಸೀಳಿದವು.

ಮೇಷ್ಟ್ರು ಬೈಯಲಿಲ್ಲ. ಸೀಮೆಸುಣ್ಣ ತಗೊಂಡು ನೆಲದ ಮೇಲೆ ಲೆಕ್ಕ ಹಾಕಿದರು. ಹತ್ತು ಸೆಂಟಿಮೀಟರ್ ಉದ್ದದ ಗಾಜು 500 ಡಿಗ್ರಿಯಿಂದ ಆರಿದರೆ ಸುಮಾರು ಅರ್ಧ ಮಿಲಿಮೀಟರ್ ಕುಗ್ಗುತ್ತದೆ. ಅಷ್ಟೇ ಉದ್ದದ ಕಂಚು ಅದರ ಎರಡರಷ್ಟು ಕುಗ್ಗುತ್ತದೆ. ಸುತ್ತಲಿನ ಕಂಚು ಗಾಜನ್ನು ಮುಷ್ಟಿಯಲ್ಲಿ ಹಿಡಿದು ಹಿಂಡುತ್ತದೆ. "ಕಂಚಿನ ಮುಷ್ಟಿಗೆ ಗಾಜು ಕೊಡಬೇಡ" ಅಂದರು. ಆ ಲೆಕ್ಕ ಶೆಡ್ಡಿನ ನೆಲದ ಮೇಲೆ ತಿಂಗಳುಗಟ್ಟಲೆ ಇತ್ತು. ಗುಡಿಸುವಾಗ ಅದೊಂದು ಜಾಗ ಬಿಟ್ಟು ಗುಡಿಸುತ್ತಿದ್ದೆ.

ಅವರ ದಾರಿಯೇ ಬೇರೆ. ಕಂಚಿನಲ್ಲಿ ಕಿಟಕಿ ಬಿಟ್ಟು ಎರಕ ಹೊಯ್ಯುವುದು. ಗಾಜನ್ನು ಬೇರೆಯಾಗಿ ಅಚ್ಚಿನಲ್ಲಿ ಕರಗಿಸುವುದು. ಬಳೆ ಚೂರನ್ನು ಮೊದಲು ಬಿಸಿನೀರಲ್ಲಿ ನೆನೆಸಿ ಚಿನ್ನದ ಬಣ್ಣದ ಗೆರೆ, ಚಮಕಿ ಎಲ್ಲ ಉಜ್ಜಿ ತೆಗೆಯಬೇಕು. ಚೂರು ಸಣ್ಣದಾದಷ್ಟು ಗಾಜಿನೊಳಗೆ ಗುಳ್ಳೆ ಜಾಸ್ತಿ, ಮಂಜು ಕವಿದ ಹಾಗೆ ಆಗುತ್ತದೆ. ಅದಕ್ಕೇ ದೊಡ್ಡ ಚೂರೇ ಬೇಕು. ಬೇರೆ ಬೇರೆ ಬಣ್ಣ ಬೆರೆಸಿದರೆ ಅವುಗಳಲ್ಲೇ ಜಗಳ, ಆರುವಾಗ ಬಿರುಕು ಬಿಡುತ್ತವೆ. ಒಂದು ಕಿಟಕಿಗೆ ಒಂದೇ ಬಣ್ಣ, ಅದೂ ಒಂದೇ ಡಬ್ಬದ ಬಳೆ. ಗಾಜು ನಿಧಾನವಾಗಿ ಆರದಿದ್ದರೆ ಸೀಳುತ್ತದೆ, ಅದಕ್ಕೇ ಕುಲುಮೆ ಆರಿಸಿದ ಮೇಲೆ ಎರಡು ದಿನ ಬಾಗಿಲು ತೆಗೆಯುವ ಹಾಗಿಲ್ಲ. ಆ ಎರಡು ರಾತ್ರಿ ಮೇಷ್ಟ್ರು ಶೆಡ್ಡಿನಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಯಾರಾದರೂ ಸುಮ್ನೆ ಕುತೂಹಲಕ್ಕೆ ಬಾಗಿಲು ತೆಗೆದುಬಿಟ್ಟಾರು ಅನ್ನುವ ಭಯ.

1991ರಲ್ಲಿ ನಮ್ಮನ್ನು ಮದ್ರಾಸಿನ ಎಗ್ಮೋರ್ ಮ್ಯೂಸಿಯಂಗೆ ಕರೆದುಕೊಂಡು ಹೋದರು. ತಿರುವಾಲಂಗಾಡಿನ ಕಂಚಿನ ನಟರಾಜನ ಮುಂದೆ ಒಂದು ಗಂಟೆ ನಿಲ್ಲಿಸಿದರು. ಅಲ್ಲಿಂದ ಕುಂಭಕೋಣದ ಹತ್ತಿರದ ಸ್ವಾಮಿಮಲೈಗೆ, ಕಂಚಿನ ಮೂರ್ತಿ ಎರಕ ಹೊಯ್ಯುವವರ ಊರಿಗೆ. ಅಲ್ಲಿ ಮೇಣದ ಮೂರ್ತಿಗೆ ಮೆತ್ತುವುದು ಕಾವೇರಿಯ ಮೆಕ್ಕಲು ಮಣ್ಣು. ಅದು ಎಷ್ಟು ನುಣುಪು ಅಂದರೆ ಮೇಣದ ಮೇಲಿನ ಉಗುರಿನ ಗೀರೂ ಲೋಹಕ್ಕೆ ಇಳಿಯುತ್ತದೆ. ಮೇಷ್ಟ್ರು ಒಂದು ಹಿಡಿ ಮಣ್ಣು ತೆಗೆದು ನಮ್ಮ ಕೈಗೆ ಕೊಟ್ಟು, "ಕೊಡಗಿನಿಂದ ಬಂದಿದ್ದು ಇದು, ನಮ್ಮೂರಲ್ಲಿ ನಿಲ್ಲಲಿಲ್ಲ ನೋಡಿ" ಅಂದರು.

ಅವರ ಬೀರುವಿನಲ್ಲಿ ಟಿಫಾನಿ ದೀಪಗಳ ಒಂದು ಚಿತ್ರವಿತ್ತು. ನ್ಯೂಯಾರ್ಕಿನ ಲೂಯಿ ಕಂಫರ್ಟ್ ಟಿಫಾನಿಯವರ ಕಾರ್ಖಾನೆಯ ದೀಪಗಳು. ಕಂಚಿನ ಕಾಂಡ, ಮೇಲೆ ಬಣ್ಣದ ಗಾಜಿನ ಕೊಡೆ. ಪ್ರತಿ ಗಾಜಿನ ಚೂರಿನ ಅಂಚಿಗೂ ತೆಳ್ಳನೆ ತಾಮ್ರದ ಹಾಳೆ ಸುತ್ತಿ, ಒಂದಕ್ಕೊಂದು ಬೆಸುಗೆ ಹಾಕಿರುತ್ತಾರೆ. ಕೆಲವು ಕೊಡೆಗಳಿಗೆ ಎರಡು ಸಾವಿರದ ಹತ್ತಿರ ಚೂರು. ಆಗ ನಮಗೆ ಟಿಫಾನಿ ಅನ್ನುವ ಹೆಸರು ಮಾತ್ರ ಗೊತ್ತಿದ್ದದ್ದು. 2007ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪ್ರದರ್ಶನದ ಬಗ್ಗೆ ಓದಿದಾಗ ತಿಳಿಯಿತು. ಅಲ್ಲಿನ ಹೆಣ್ಣುಮಕ್ಕಳ ವಿಭಾಗದ ಮುಖ್ಯಸ್ಥೆ ಕ್ಲಾರಾ ಡ್ರಿಸ್ಕಾಲ್ ಬರೆದ ಪತ್ರಗಳು ಸಿಕ್ಕಿದ್ದವು. ಹೆಸರಾದ ಎಷ್ಟೋ ದೀಪಗಳ ವಿನ್ಯಾಸ ಅವರದ್ದು, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಬಹುಮಾನ ಪಡೆದ ಡ್ರ್ಯಾಗನ್‌ಫ್ಲೈ ದೀಪವೂ ಸೇರಿ. ಮದುವೆಯಾದ ಹೆಂಗಸರನ್ನು ಅಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲವಂತೆ. ತಕ್ಷಣ ಮೇಷ್ಟ್ರಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹೆಸರು ಇನ್ನೊಂದು ಸಲ ಹೇಳು, ಬರ್ಕೋತೀನಿ" ಅಂದರು. ಅವರು ಹೋದ ಮೇಲೆ ನೋಡಿದೆ. ಆ ಹಳೆಯ ಚಿತ್ರದ ಕೆಳಗೆ ಕನ್ನಡದಲ್ಲಿ ಆ ಹೆಸರು ಬರೆದಿಟ್ಟಿದ್ದಾರೆ.

ಈಗ ಲೈಬ್ರರಿಯ ಪಡುವಣ ಕಿಟಕಿಯ ಪಕ್ಕ ಇರುವ ಬಳೆಗಾರ್ತಿಯ ಕಂಚಿನ ಮೂರ್ತಿಯ ವಿಷಯ. ನೀವೆಲ್ಲ ದಿನಾ ನೋಡುತ್ತೀರಿ. ಅವಳು ನಮ್ಮಮ್ಮ.

ಕೊನೆಯ ವರ್ಷ ಫೀಸು ಕಟ್ಟಲು ಬಂದಿದ್ದಾಗ ಮೇಷ್ಟ್ರು ಅವಳನ್ನು ಮೂರು ದಿನ ಕೂರಿಸಿಕೊಂಡರು. "ಅಮ್ಮಾ, ಸಂತೆಯಲ್ಲಿ ಹೇಗೆ ಕೂರ್ತೀರೋ ಹಾಗೇ ಕೂತ್ಕೊಳ್ಳಿ" ಅಂದರು. ಅಮ್ಮ ಕಾಲು ಮಡಚಿ, ಮಲಾರ ತೊಡೆಯ ಮೇಲೆ ಹರಡಿಕೊಂಡು ಕೂತಳು. ಎರಡನೆಯ ದಿನ ಮಣ್ಣಿನಲ್ಲಿ ಮುಂಗೈ ತಿದ್ದುತ್ತಾ ಮೇಷ್ಟ್ರು ಕೈ ನಿಲ್ಲಿಸಿದರು. ಅಮ್ಮ ಊರಿಗೆಲ್ಲ ಬಳೆ ತೊಡಿಸಿದವಳು. ಅಪ್ಪ ಹೋದ ಮೇಲೆ ಅವಳ ಕೈಯಲ್ಲಿ ಒಂದೂ ಇರಲಿಲ್ಲ.

"ಕೈಗೆ ಗಾಜಿನ ಬಳೆ ಇಡಲಾ ಅಮ್ಮಾ? ನಿಮಗಿಷ್ಟ ಇದ್ರೆ."

ಅಮ್ಮ ಕೈ ನೋಡಿಕೊಂಡಳು. "ಬ್ಯಾಡ ಸಾರ್. ಇದ್ದಂಗೇ ಮಾಡಿ."

ಹಾಗೇ ಮಾಡಿದರು. ಎರಡೂವರೆ ಅಡಿ ಎತ್ತರದ ಆ ಮೂರ್ತಿಯ ಮುಂಗೈ ಬರಿದು. ತೊಡೆಯ ಮೇಲಿನ ಮಲಾರದಲ್ಲಿ ಮಾತ್ರ ಐದು ಕಿಟಕಿ, ಐದರಲ್ಲೂ ಹಸಿರು ಗಾಜು. ಅಮ್ಮನ ವ್ಯಾಪಾರದಲ್ಲೇ ಒಡೆದ ಬಳೆಗಳವು. ಸಂಜೆ ನಾಲ್ಕೂವರೆಗೆ ಬಿಸಿಲು ಬೆನ್ನ ಹಿಂದಿನ ತೆರಪಿನಿಂದ ಒಳಗೆ ಬಂದಾಗ ಆ ಹಸಿರು ಅವಳ ಕೈಮೇಲೆ ಬೀಳುತ್ತದೆ. ಮೇಷ್ಟ್ರು ಅದನ್ನು ಲೆಕ್ಕ ಹಾಕಿಯೇ ಮಾಡಿದರೋ ಅಂತ ನಾನು ಯಾವತ್ತೂ ಕೇಳಲಿಲ್ಲ. ಕೇಳಬೇಕಿತ್ತು.

ಗಾಜನ್ನು ಅವರು ಅಂಟಿಸಿಲ್ಲ. ಒಳಗಿನಿಂದ ಕಂಚಿನ ಪಟ್ಟಿ, ನಾಲ್ಕು ಸ್ಕ್ರೂ, ನಡುವೆ ತೆಳ್ಳನೆ ಸೀಸದ ಪದರ, ಸುತ್ತಲೂ ಒಂದು ಮಿಲಿಮೀಟರ್ ಜಾಗ. ಒಂದು ಆಯುಧಪೂಜೆಗೆ ಯಾರೋ ಪ್ರೀತಿಯಿಂದಲೇ ಮೂರ್ತಿಯನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿಬಿಟ್ಟಾಗ ಆ ಸ್ಕ್ರೂಗಳ ಬೆಲೆ ಗೊತ್ತಾಯಿತು. ಕಂಚಿಗೆ ಮತ್ತೆ ಕಂದು ಬಣ್ಣ ಕಟ್ಟಬೇಕಾದರೆ ಬೆಂಕಿ ಹಿಡಿದು ಔಷಧಿ ಬಳಿಯಬೇಕು. ಗಾಜು ಅಲ್ಲೇ ಇದ್ದಿದ್ದರೆ ಸೀಳಿಹೋಗುತ್ತಿತ್ತು. ಮೇಷ್ಟ್ರು ಆಗ ನಿವೃತ್ತರಾಗಿದ್ದರು. ಬಂದು ಐದೂ ಬಿಚ್ಚಿ, ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು, ಎರಡು ದಿನ ಕೂತು ಬಣ್ಣ ಕಟ್ಟಿ, ಮೇಣ ಸವರಿ ಹೋದರು. ದಯವಿಟ್ಟು ಒಣ ಹತ್ತಿಬಟ್ಟೆಯಲ್ಲಿ ಮಾತ್ರ ಒರೆಸಿ. ಹುಣಸೆಹಣ್ಣು, ನಿಂಬೆಹಣ್ಣು ಯಾವುದೂ ಬೇಡ.

ಹೋದ ವರ್ಷ ಲೈಬ್ರರಿಗೆ ಸುಣ್ಣ ಬಣ್ಣ ಮಾಡುವಾಗ ಎಡಗಡೆಯ ಗಾಜು ಒಡೆದಿದೆ. ಈಗ ಅಲ್ಲಿ ರಟ್ಟು ಇಟ್ಟಿದ್ದಾರೆ. ಮೇಷ್ಟ್ರು ತೀರಿಕೊಂಡು ಮೂರು ವರ್ಷವಾಯಿತು. ಐದೂ ಗಾಜಿನ ಪ್ಲಾಸ್ಟರ್ ಮಾದರಿಗಳನ್ನು ಅವರ ಮನೆಯವರು ನನಗೆ ಕೊಟ್ಟಿದ್ದಾರೆ. ಡಿಸೆಂಬರ್ ರಜೆಯಲ್ಲಿ ಬರುತ್ತೇನೆ. ಶಿಲ್ಪ ವಿಭಾಗದ ಇಬ್ಬರು ಮಕ್ಕಳು ಜೊತೆಗೆ ಬೇಕು, ಎರಡು ರಾತ್ರಿ ಕುಲುಮೆಯ ಹತ್ತಿರ ಮಲಗಬೇಕಾಗುತ್ತದೆ. ಮನೆಯಲ್ಲಿ ಒಡೆದ ಹಸಿರು ಬಳೆ ಇದ್ದರೆ ತನ್ನಿ. ದೊಡ್ಡ ಚೂರಿರಲಿ, ಒಂದೇ ಡಬ್ಬದ್ದಾಗಿರಲಿ.